ಭಾನುವಾರ ಎಣಿಕೆ ಬೇಡ ಎಂದ ರಾಜ್ಯ: ಕ್ರೈಸ್ತ ವಿಶ್ವಾಸ, ಮತ ಮತ್ತು ನ್ಯಾಯ

2023ರ ಡಿಸೆಂಬರ್ 3 ಭಾನುವಾರ. ಮಧ್ಯಪ್ರದೇಶ, ರಾಜಸ್ಥಾನ, ಛತ್ತೀಸಗಢ ಮತ್ತು ತೆಲಂಗಾಣದಲ್ಲಿ ಮತ ಎಣಿಕೆ ಮುಗಿದು ಪಟಾಕಿ ಸದ್ದು ಮಾಡುತ್ತಿದ್ದಾಗ, ಅದೇ ದಿನ ಫಲಿತಾಂಶ ಕಾಣಬೇಕಿದ್ದ ಐದನೆಯ ರಾಜ್ಯ ಮಿಜೋರಾಂನಲ್ಲಿ ಮತಯಂತ್ರಗಳು ಬೀಗದೊಳಗೇ ಇದ್ದವು. ಜನ ಚರ್ಚಿಗೆ ಹೋಗಿದ್ದರು. ಭಾನುವಾರ ಆರಾಧನೆಯ ದಿನ, ಅಂದು ಎಣಿಕೆ ಬೇಡ ಎಂದು ಅಲ್ಲಿನ ಚರ್ಚುಗಳು, ನಾಗರಿಕ ಸಂಘಟನೆಗಳು ಮತ್ತು ರಾಜಕೀಯ ಪಕ್ಷಗಳು ಒಂದೇ ದನಿಯಲ್ಲಿ ಕೇಳಿಕೊಂಡಿದ್ದವು. ಚುನಾವಣಾ ಆಯೋಗ ಎರಡು ದಿನ ಮೊದಲು ಒಪ್ಪಿ, ಎಣಿಕೆಯನ್ನು ಸೋಮವಾರಕ್ಕೆ ಮುಂದೂಡಿತು. ಸೋಮವಾರ ಪೆಟ್ಟಿಗೆ ತೆರೆದಾಗ ಲಾಲ್‌ದುಹೋಮ ಅವರ ಜೋರಾಂ ಪೀಪಲ್ಸ್ ಮೂವ್‌ಮೆಂಟ್ 40ರಲ್ಲಿ 27 ಸ್ಥಾನ ಗೆದ್ದಿತ್ತು. ಮುಖ್ಯಮಂತ್ರಿ ಜೋರಾಮ್‌ಥಂಗ ಸ್ವಂತ ಕ್ಷೇತ್ರದಲ್ಲೇ ಸೋತಿದ್ದರು.

ಧರ್ಮಕ್ಕಾಗಿ ದಿನಾಂಕ ಬದಲಿಸುವುದು ಓಲೈಕೆಯಲ್ಲವೇ ಎಂಬ ಪ್ರಶ್ನೆ ಸಹಜ. ಆದರೆ ಅದೇ ಚುನಾವಣಾ ಋತುವಿನಲ್ಲಿ ರಾಜಸ್ಥಾನದ ಮತದಾನವನ್ನು ನವೆಂಬರ್ 23ರಿಂದ 25ಕ್ಕೆ ಸರಿಸಲಾಗಿತ್ತು. ಕಾರಣ, ದೇವಉಠನಿ ಏಕಾದಶಿಯಂದು ಅಲ್ಲಿ ಬೀದಿಗೊಂದು ಮದುವೆ. 2022ರಲ್ಲಿ ಗುರು ರವಿದಾಸ ಜಯಂತಿಗಾಗಿ ಪಂಜಾಬಿನ ಮತದಾನವನ್ನು ಫೆಬ್ರುವರಿ 14ರಿಂದ 20ಕ್ಕೆ ಮುಂದೂಡಿದ್ದೂ ಉಂಟು. ಮದುವೆಗೆ ಸಿಗುವ ರಿಯಾಯಿತಿ ಪ್ರಾರ್ಥನೆಗೂ ಸಿಕ್ಕಿತು, ಅಷ್ಟೆ.

ಈ ಭಾನುವಾರದ ಹಿಂದೆ ಇನ್ನೊಂದು ಸಂಗತಿಯಿದೆ. ಅದನ್ನು ಕನ್ನಡದ ಓದುಗರು ಅಷ್ಟಾಗಿ ಗಮನಿಸಿಲ್ಲ ಎನಿಸುತ್ತದೆ. ಮತದಾನ ವಿಶ್ವಾಸದ ಅಭಿವ್ಯಕ್ತಿ, ನ್ಯಾಯಕ್ಕಾಗಿ ಮಾಡುವ ಕ್ರಿಯೆ ಎಂದು ಕ್ರೈಸ್ತ ಧರ್ಮಗುರುಗಳು ಚುನಾವಣೆ ಬಂದಾಗಲೆಲ್ಲ ಹೇಳುತ್ತಾರೆ. ಹೇಳುವುದು ಸುಲಭ. ಆ ಮಾತನ್ನು ನಿಯಮಾವಳಿಯಾಗಿ, ಊರಿನ ಕಟ್ಟಳೆಯಾಗಿ ಬೆಳೆಸಿ ನೋಡಿದ ರಾಜ್ಯ ಮಿಜೋರಾಂ. 2011ರ ಜನಗಣತಿಯ ಪ್ರಕಾರ ಅಲ್ಲಿನ ಜನಸಂಖ್ಯೆಯಲ್ಲಿ ಕ್ರೈಸ್ತರು ಶೇ 87. ಆದ್ದರಿಂದ ಅಲ್ಲಿ ಏನು ಸಾಧ್ಯವಾಯಿತು, ಏನು ಆಗಲಿಲ್ಲ ಎಂದು ನೋಡುವುದು ಯಾವ ಪ್ರವಚನಕ್ಕಿಂತಲೂ ಹೆಚ್ಚು ಕಲಿಸುತ್ತದೆ.

2006ರಲ್ಲಿ ಪ್ರೆಸ್ಬಿಟೇರಿಯನ್ ಚರ್ಚಿನ ಮುಂದಾಳತ್ವದಲ್ಲಿ ‘ಮಿಜೋರಾಂ ಪೀಪಲ್ಸ್ ಫೋರಂ’ ಎಂಬ ಕಾವಲು ವೇದಿಕೆ ಹುಟ್ಟಿತು. ಚುನಾವಣೆಗೆ ಮೊದಲು ಅದು ರಾಜಕೀಯ ಪಕ್ಷಗಳನ್ನು ಕೂರಿಸಿ ಒಪ್ಪಂದಕ್ಕೆ ಸಹಿ ಹಾಕಿಸುತ್ತದೆ. ಮನೆಮನೆಗೆ ನುಗ್ಗಿ ಮತ ಕೇಳುವಂತಿಲ್ಲ. ಊಟ ಹಾಕಿಸುವಂತಿಲ್ಲ. ಬಾವುಟ, ಬ್ಯಾನರುಗಳಿಗೆ ಮಿತಿಯಿದೆ. ಅಭ್ಯರ್ಥಿಗಳೆಲ್ಲ ಒಂದೇ ವೇದಿಕೆ ಹತ್ತಿ, ಒಬ್ಬರ ಪಕ್ಕದಲ್ಲಿ ಒಬ್ಬರು ಕುಳಿತು, ಊರವರೆದುರು ತಮ್ಮ ಮಾತು ಹೇಳಿ ಇಳಿಯಬೇಕು. ಇದಕ್ಕೆ ಕಾನೂನಿನ ಬಲವಿಲ್ಲ. ಮುರಿದವರು ಜೈಲಿಗೆ ಹೋಗುವುದಿಲ್ಲ. ಆದರೆ ಭಾನುವಾರ ಅದೇ ಊರವರ ನಡುವೆ ಬೆಂಚಿನಲ್ಲಿ ಕೂರಬೇಕಾಗುತ್ತದೆ, ಮತ್ತು ಸಣ್ಣ ಸಮಾಜದಲ್ಲಿ ಅದು ಜುಲ್ಮಾನೆಗಿಂತ ಭಾರ.

ನಮ್ಮ ಕಡೆಯ ಲೆಕ್ಕವನ್ನು ಪಕ್ಕದಲ್ಲಿಟ್ಟರೆ ವ್ಯತ್ಯಾಸ ಕಾಣುತ್ತದೆ. 2023ರ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ ಕರ್ನಾಟಕದಲ್ಲಿ ಜಪ್ತಿಯಾದ ಹಣ, ಹೆಂಡ, ಉಡುಗೊರೆಗಳ ಮೊತ್ತ 375 ಕೋಟಿ ರೂಪಾಯಿ. 2018ರಲ್ಲಿ ಅದು ಸುಮಾರು 84 ಕೋಟಿ ಇತ್ತು. 2023ರ ನವೆಂಬರ್‌ನಲ್ಲಿ ಆಯೋಗ ಐದು ರಾಜ್ಯಗಳ ಜಪ್ತಿ ಪಟ್ಟಿ ಕೊಟ್ಟಾಗ ಮಿಜೋರಾಂನ ನಗದು ಕಲಂನಲ್ಲಿ ಸೊನ್ನೆ ಇತ್ತು. ಅವರು ದೇವಮಾನವರೇನಲ್ಲ. ಮ್ಯಾನ್ಮಾರ್ ಗಡಿಯ ಆ ರಾಜ್ಯದ ಮಾದಕ ವಸ್ತುಗಳ ಕಲಂನಲ್ಲಿ ಕೋಟಿಗಳೇ ಇದ್ದವು. ಆದರೂ ಮತಕ್ಕೆ ನೋಟು ಹಂಚುವ ಚಾಳಿ ಅಲ್ಲಿ ಬೇರು ಬಿಡದಿರಲು ಈ ಕಟ್ಟಳೆಗೂ ಸಂಬಂಧವಿದೆ ಎಂದು ನಾನು ನಂಬುತ್ತೇನೆ.

ಫೋರಂ ಏನನ್ನು ಹೇಳುವುದಿಲ್ಲ ಎಂಬುದು ಇಲ್ಲಿ ಮುಖ್ಯ. ಇಂಥವರಿಗೆ ಮತ ಹಾಕಿ ಎಂದು ಅದು ಹೇಳುವುದಿಲ್ಲ. ಹೇಗೆ ಕೇಳಬೇಕು, ಹೇಗೆ ಹಾಕಬೇಕು ಎಂಬುದಷ್ಟೇ ಅದರ ಕಾಳಜಿ. ‘ಯಾರಿಗೆ’ ಎಂಬುದನ್ನು ಚರ್ಚು ಹೇಳಹೊರಟಾಗ ಏನಾಗುತ್ತದೆ ಎಂಬುದಕ್ಕೆ ಹೆಚ್ಚು ದೂರ ಹೋಗಬೇಕಿಲ್ಲ. ಈಶಾನ್ಯದಲ್ಲೇ ನಾಗಾಲ್ಯಾಂಡ್ ಇದೆ.

ಅಲ್ಲಿಯೂ ಕ್ರೈಸ್ತರು ಶೇ 88ರಷ್ಟು. ಅಲ್ಲಿಯೂ ನಾಗಾಲ್ಯಾಂಡ್ ಬ್ಯಾಪ್ಟಿಸ್ಟ್ ಚರ್ಚ್ ಕೌನ್ಸಿಲ್ ವರ್ಷಗಳಿಂದ ‘ಸ್ವಚ್ಛ ಚುನಾವಣೆ’ ಆಂದೋಲನ ನಡೆಸುತ್ತಿದೆ. ಆದರೆ ಊರಿನ ಹಿರಿಯರು ಸೇರಿ ಇಡೀ ಗ್ರಾಮದ ಮತ ಯಾರಿಗೆಂದು ಮೊದಲೇ ತೀರ್ಮಾನಿಸುವುದು, ಮನೆಯ ಯಜಮಾನ ಹೆಂಡತಿ ಮಕ್ಕಳ ಮತವನ್ನೂ ತಾನೇ ಒತ್ತಿ ಬರುವುದು ಅಲ್ಲಿನ ಹಳೆಯ ರೋಗ. ವೇದಿಕೆಯ ಮೇಲಿನ ಬೋಧನೆ ಮನೆಯ ಹೊಸ್ತಿಲು ದಾಟಲಿಲ್ಲ. 1963ರಲ್ಲಿ ರಾಜ್ಯವಾದ ನಾಗಾಲ್ಯಾಂಡ್ ವಿಧಾನಸಭೆಗೆ ಮೊದಲ ಮಹಿಳೆಯರು, ಅದೂ ಇಬ್ಬರೇ, ಆಯ್ಕೆಯಾದದ್ದು 2023ರಲ್ಲಿ. (ಮಿಜೋರಾಂ ಬೀಗಬೇಕಿಲ್ಲ, 2018ರಲ್ಲಿ ಅಲ್ಲಿ ಒಬ್ಬ ಮಹಿಳೆಯೂ ಗೆದ್ದಿರಲಿಲ್ಲ, 2023ರಲ್ಲಿ ಗೆದ್ದವರು ಮೂವರು.) 2018ರ ಚುನಾವಣೆಗೆ ಮುನ್ನ ಇದೇ ಕೌನ್ಸಿಲ್ ಬಹಿರಂಗ ಪತ್ರ ಬರೆದು, ಬಿಜೆಪಿಯ ಜೊತೆ ಹೋಗದಂತೆ ವಿಶ್ವಾಸಿಗಳನ್ನು ಎಚ್ಚರಿಸಿತು. ತ್ರಿಶೂಲವೋ ಶಿಲುಬೆಯೋ ಎಂಬ ಮಟ್ಟಕ್ಕೆ ಮಾತು ಏರಿತು. ಬಿಜೆಪಿ 20 ಕಡೆ ಸ್ಪರ್ಧಿಸಿ 12 ಕಡೆ ಗೆದ್ದಿತು. ಮತದಾರರು ಚರ್ಚಿಗೆ ಹೋದರು, ಪತ್ರ ಕೇಳಿಸಿಕೊಂಡರು, ತಮಗೆ ಬೇಕಾದವರಿಗೆ ಮತ ಹಾಕಿ ಬಂದರು. ನನಗೆ ಅದರಲ್ಲಿ ಬೇಸರವಾಗುವಂಥದ್ದು ಏನೂ ಕಾಣುವುದಿಲ್ಲ.

ಕಾನೂನು ಈ ಗೆರೆಯನ್ನು ಎಲ್ಲಿ ಎಳೆದಿದೆ ಎಂದೂ ನೋಡಬೇಕು. ಪ್ರಜಾಪ್ರಾತಿನಿಧ್ಯ ಕಾಯ್ದೆಯ 123ನೆಯ ಸೆಕ್ಷನ್ ಚುನಾವಣಾ ಭ್ರಷ್ಟಾಚಾರಗಳ ಪಟ್ಟಿ. ಕನ್ನಡದಲ್ಲಿ ಅದನ್ನು ವಿವರಿಸಹೊರಟವರಿಗೆ ಒಂದು ತಮಾಷೆಯ ತೊಡಕಿದೆ: ಮತದ ಹೆಸರಿನಲ್ಲಿ ಮತ ಕೇಳಬಾರದು ಎಂದೇ ಹೇಳಬೇಕಾಗುತ್ತದೆ. 2017ರ ಜನವರಿ 2ರಂದು ಅಭಿರಾಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, 4:3ರ ಬಹುಮತದಿಂದ, ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಮತದಾರನ ಧರ್ಮವನ್ನು ಮುಂದೊಡ್ಡಿ ಮತ ಕೇಳುವುದೂ ಅಕ್ರಮ ಎಂದಿತು. ಅದಕ್ಕಿಂತ ಕುತೂಹಲಕರವಾದದ್ದು ‘ಅನುಚಿತ ಪ್ರಭಾವ’ದ ಉಪಖಂಡ. ಇಂಥವರಿಗೆ ಮತ ಹಾಕದಿದ್ದರೆ ದೇವರ ಅವಕೃಪೆಗೆ ಗುರಿಯಾಗುವೆ ಎಂದು ಮತದಾರನನ್ನು ನಂಬಿಸುವುದೂ ಅಪರಾಧ. ಆಗ ಪಂಜಾಬಿನಲ್ಲಿದ್ದ ಸಿರ್ಸಾ ಕ್ಷೇತ್ರದಲ್ಲಿ ನಾಮಧಾರಿ ಗುರುವಿನ ಆಜ್ಞೆ ಹೊರಟಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1959ರಲ್ಲೇ ಇದನ್ನು ಬಿಡಿಸಿ ಹೇಳಿತ್ತು. ಧರ್ಮಗುರು ತನ್ನ ಒಲವನ್ನು ತೋರಿಸಬಹುದು, ಆದರೆ ಅನುಯಾಯಿಗೆ ಬೇರೆ ದಾರಿಯೇ ಇಲ್ಲದಂತೆ ಅಪ್ಪಣೆ ಕೊಡಲಾಗದು. 2017ರಲ್ಲಿ ಗಾಂಧಿನಗರದ ಆರ್ಚ್‌ಬಿಷಪ್ ಥಾಮಸ್ ಮಾಕ್ವಾನ್ ಗುಜರಾತ್ ಚುನಾವಣೆಗೆ ಮುನ್ನ ಬರೆದ ಪತ್ರದಲ್ಲಿ ‘ರಾಷ್ಟ್ರೀಯವಾದಿ ಶಕ್ತಿಗಳ’ ಬಗ್ಗೆ ಎಚ್ಚರಿಸಿದಾಗ ಜಿಲ್ಲಾಧಿಕಾರಿಯಿಂದ ವಿವರಣೆ ಕೇಳಿ ನೋಟಿಸು ಬಂದದ್ದು ಈ ಹಿನ್ನೆಲೆಯಲ್ಲಿ. ಅವರ ಪತ್ರ ಸಂವಿಧಾನಕ್ಕೆ ನಿಷ್ಠರಾದವರನ್ನು ಆರಿಸಲು ಪ್ರಾರ್ಥಿಸಿ ಎಂದೂ ಹೇಳಿತ್ತು. ಒಂದೇ ಹಾಳೆಯಲ್ಲಿ ಎರಡು ಬಗೆಯ ಮಾತು ಇದ್ದದ್ದರಿಂದ ತೊಂದರೆಯಾಯಿತು ಎಂದು ನನ್ನ ಓದು.

ಹಾಗಾದರೆ ವಿಶ್ವಾಸಕ್ಕೂ ಮತಕ್ಕೂ ಏನು ನಂಟು? ಕ್ಯಾಥೊಲಿಕ್ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2240ನೆಯ ಪರಿಚ್ಛೇದ ತೆರಿಗೆ ಕಟ್ಟುವುದು, ಮತ ಚಲಾಯಿಸುವುದು, ದೇಶವನ್ನು ರಕ್ಷಿಸುವುದು ನೈತಿಕ ಬಾಧ್ಯತೆ ಎನ್ನುತ್ತದೆ. ಆ ಪರಿಚ್ಛೇದ ಬರುವುದು ತಂದೆತಾಯಿಯನ್ನು ಗೌರವಿಸು ಎಂಬ ಆಜ್ಞೆಯ ವಿವರಣೆಯೊಳಗೆ. ಅಂದರೆ ಮತದಾನ ಹೆತ್ತವರ ಋಣದ ಸಾಲಿಗೆ ಸೇರಿದ ಕೆಲಸ. ಕೈಸರನದನ್ನು ಕೈಸರನಿಗೆ ಕೊಡಿರಿ ಎಂಬ ಯೇಸುವಿನ ಮಾತನ್ನು ಎಲ್ಲರೂ ಉಲ್ಲೇಖಿಸುತ್ತಾರೆ, ಆದರೆ ಆ ಕಾಲದಲ್ಲಿ ಕೈಸರನನ್ನು, ಅಂದರೆ ರೋಮ್ ಚಕ್ರವರ್ತಿಯನ್ನು, ಯಾರೂ ಆರಿಸಿರಲಿಲ್ಲ. ಇಂದು ನಾವೇ ಕೈಸರನನ್ನು ಮಾಡುವವರು, ಹಾಗಾಗಿ ಅವನು ಮಾಡುವ ಅನ್ಯಾಯದಲ್ಲಿ ನಮ್ಮ ಬೆರಳಿನ ಶಾಯಿಯೂ ಇರುತ್ತದೆ.

ಬೈಬಲಿನಲ್ಲಿ ಚುನಾವಣೆಯ ಬಗ್ಗೆ ನನಗೆ ಇಷ್ಟವಾದ ಕಥೆ ‘ನ್ಯಾಯಸ್ಥಾಪಕರು’ ಭಾಗದ ಒಂಬತ್ತನೆಯ ಅಧ್ಯಾಯದಲ್ಲಿದೆ. ಯೋತಾಮ ಬೆಟ್ಟದ ಮೇಲೆ ನಿಂತು ಹೇಳಿದ ಕಥೆ. ಮರಗಳೆಲ್ಲ ಸೇರಿ ಅರಸನನ್ನು ಹುಡುಕಹೊರಟವು. ಎಣ್ಣೆಮರದ ಬಳಿ ಹೋದವು, ಅದು ತನ್ನ ಎಣ್ಣೆ ಬಿಟ್ಟು ಬರಲು ಒಪ್ಪಲಿಲ್ಲ. ಅಂಜೂರಕ್ಕೆ ತನ್ನ ಸಿಹಿ ಬಿಡಲು ಮನಸ್ಸಿಲ್ಲ, ದ್ರಾಕ್ಷಿಗೆ ತನ್ನ ರಸ. ಕೊನೆಗೆ ಮುಳ್ಳಿನ ಪೊದೆಯನ್ನು ಕೇಳಿದಾಗ ಅದು ತಟ್ಟನೆ ಒಪ್ಪಿತು: ಬನ್ನಿ, ನನ್ನ ನೆರಳಿನಲ್ಲಿ ಆಶ್ರಯ ಪಡೆಯಿರಿ, ಇಲ್ಲವಾದರೆ ನನ್ನಿಂದ ಬೆಂಕಿ ಹೊರಟು ಲೆಬನೋನಿನ ದೇವದಾರುಗಳನ್ನು ಸುಡಲಿ. ಮುಳ್ಳಿನ ಪೊದೆಗೆ ನೆರಳೆಲ್ಲಿಯದು! ಚುನಾವಣಾ ಪ್ರಣಾಳಿಕೆಗಳನ್ನು ಓದುವಾಗ ನನಗೆ ಆ ಸಾಲು ನೆನಪಾಗುತ್ತದೆ.

ಪ್ರವಾದಿ ಆಮೋಸನಿಗೆ ಮಾತ್ರ ಇಷ್ಟು ಹಾಸ್ಯವಿರಲಿಲ್ಲ. ನಿಮ್ಮ ಉತ್ಸವಗಳು ನನಗೆ ಬೇಡ, ನಿಮ್ಮ ಹಾಡುಗಳ ಗದ್ದಲ ತೊಲಗಿಸಿ, ನ್ಯಾಯ ಹೊಳೆಯಂತೆ ಹರಿಯಲಿ ಎಂದು ದೇವರೇ ಹೇಳುವುದಾಗಿ ಅವನು ಗುಡುಗುತ್ತಾನೆ. ಆರಾಧನೆಯ ದಿನವನ್ನು ಕಾಪಾಡಿಕೊಂಡ ಸಮಾಜವನ್ನು ಅಳೆಯಲು ಇದೇ ಸರಿಯಾದ ಅಳತೆಗೋಲು.

ಆ ಅಳತೆಗೋಲನ್ನು ಹಿಡಿದು ಮಿಜೋರಾಂಗೆ ಮರಳಿದರೆ ಅಲ್ಲಿನ ಚಿತ್ರ ಮಸುಕಾಗುತ್ತದೆ. 1997ರ ಜನಾಂಗೀಯ ಹಿಂಸೆಯಲ್ಲಿ ಬ್ರೂ ಸಮುದಾಯದ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಮಿಜೋರಾಂ ಬಿಟ್ಟು ತ್ರಿಪುರಾದ ಶಿಬಿರಗಳಿಗೆ ಓಡಿದರು. ಎರಡು ದಶಕ ಅಲ್ಲಿಯೇ ಕಳೆದರೂ ಅವರ ಹೆಸರುಗಳು ಮಿಜೋರಾಂನ ಮತದಾರರ ಪಟ್ಟಿಯಲ್ಲಿದ್ದವು. 2018ಕ್ಕೆ ಮೊದಲಿನ ಚುನಾವಣೆಗಳಲ್ಲಿ ಅವರು ಶಿಬಿರಗಳಿಂದಲೇ ಮತ ಹಾಕುತ್ತಿದ್ದರು. 2018ರಲ್ಲಿ ಯಂಗ್ ಮಿಜೋ ಅಸೋಸಿಯೇಷನ್ ಮೊದಲಾದ ಸಂಘಟನೆಗಳ ಒಕ್ಕೂಟ ಇದನ್ನು ವಿರೋಧಿಸಿತು. ಮತ ಹಾಕುವುದಾದರೆ ಮಿಜೋರಾಂ ನೆಲಕ್ಕೇ ಬರಲಿ ಎಂಬುದು ಬೇಡಿಕೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿ ಎಸ್.ಬಿ. ಶಶಾಂಕ್ ವಿರುದ್ಧ ಸಾವಿರಾರು ಜನ ರಾಜಧಾನಿ ಐಜ್ವಾಲ್‌ನಲ್ಲಿ ಬೀದಿಗಿಳಿದರು. ಆಯೋಗ ಅವರನ್ನು ಬದಲಿಸಿತು. ಸುಮಾರು 11,000 ಬ್ರೂ ಮತದಾರರಿಗಾಗಿ ಗಡಿಯ ಕಾನ್ಹ್‌ಮುನ್ ಎಂಬ ಹಳ್ಳಿಯಲ್ಲಿ ತಾತ್ಕಾಲಿಕ ಮತಗಟ್ಟೆಗಳನ್ನು ಹಾಕಲಾಯಿತು. ಶಿಬಿರದಿಂದ ವಾಹನಗಳಲ್ಲಿ ಬಂದು, ತಾವು ಓಡಿಹೋಗಿದ್ದ ನೆಲದ ಅಂಚಿನಲ್ಲಿ ಸಾಲು ನಿಂತು, ಮತ ಹಾಕಿ ಅವರು ಹಿಂದಿರುಗಿದರು. 2020ರ ಜನವರಿಯ ಒಪ್ಪಂದದಂತೆ ಅವರಿಗೆ ತ್ರಿಪುರಾದಲ್ಲೇ ನೆಲೆ ಸಿಕ್ಕಿತು.

ಬ್ರೂಗಳಲ್ಲಿ ಕ್ರೈಸ್ತರೂ ಇದ್ದಾರೆ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಹಾಗಾಗಿ ಇದು ಧರ್ಮ ಧರ್ಮಗಳ ಜಗಳವಾಗಿರಲಿಲ್ಲ, ನಮ್ಮವರು ಮತ್ತು ಹೊರಗಿನವರು ಎಂಬ ಜಗಳ. ಹಣವಿಲ್ಲದ, ಗದ್ದಲವಿಲ್ಲದ ಚುನಾವಣೆ ನಡೆಸಬಲ್ಲ ಸಮಾಜವೂ ಮತಪಟ್ಟಿಯಲ್ಲಿ ಪರಕೀಯನ ಹೆಸರು ಕಂಡಾಗ ಬಿಗಿಯಾಗುತ್ತದೆ. ಶಿಸ್ತು ಮತ್ತು ನ್ಯಾಯ ಬೇರೆ ಬೇರೆ ಎಂಬುದಕ್ಕೆ ಇಷ್ಟು ಸ್ಪಷ್ಟ ಉದಾಹರಣೆ ಸಿಗುವುದು ಅಪರೂಪ.

ಕೇರಳದಲ್ಲಿ ಇದೇ ಪ್ರಶ್ನೆ ಚೌಕಾಸಿಯ ರೂಪ ತಾಳಿತು. 2023ರ ಮಾರ್ಚ್‌ನಲ್ಲಿ ತಲಶ್ಶೇರಿಯ ಆರ್ಚ್‌ಬಿಷಪ್ ಜೋಸೆಫ್ ಪಾಂಪ್ಲಾನಿ, ರಬ್ಬರ್ ಬೆಲೆಯನ್ನು ಕಿಲೋಗೆ 300 ರೂಪಾಯಿಗೆ ಏರಿಸಿದರೆ ಕೇರಳದಲ್ಲಿ ಬಿಜೆಪಿಗೆ ಸಂಸದರಿಲ್ಲ ಎಂಬ ಕೊರತೆ ನೀಗುತ್ತದೆ ಎಂಬರ್ಥದ ಮಾತಾಡಿದರು. ಬೆಳೆಗಾರರ ಸಂಕಟ ಸುಳ್ಳಲ್ಲ, ನಮ್ಮ ಅಡಿಕೆ ಬೆಳೆಗಾರರಿಗೆ ಅದು ಚೆನ್ನಾಗಿಯೇ ಅರ್ಥವಾಗುತ್ತದೆ. ಬೆಳೆಯ ಬೆಲೆಗಾಗಿ ಮತ ಹಾಕುವುದು ಪ್ರಜಾಪ್ರಭುತ್ವದಲ್ಲಿ ಪೂರ್ತಿ ಮರ್ಯಾದಸ್ಥ ಕೆಲಸ. ಆದರೆ ಆ ಮಾತನ್ನು ಬಿಷಪ್ ಆಡಿದಾಗ ಇಡೀ ಸಮುದಾಯದ ಮತಕ್ಕೆ ದರಪಟ್ಟಿ ತೂಗುಹಾಕಿದಂತಾಯಿತು. 2025ರ ಜುಲೈನಲ್ಲಿ ಬಿಜೆಪಿ ಆಡಳಿತದ ಛತ್ತೀಸಗಢದ ದುರ್ಗ್ ರೈಲು ನಿಲ್ದಾಣದಲ್ಲಿ ಮತಾಂತರದ ಆರೋಪದ ಮೇಲೆ ಕೇರಳ ಮೂಲದ ಇಬ್ಬರು ಸನ್ಯಾಸಿನಿಯರ ಬಂಧನವಾಗಿ ಚರ್ಚುಗಳೆಲ್ಲ ಪ್ರತಿಭಟಿಸಬೇಕಾದಾಗ, ಕಿಲೋ ಲೆಕ್ಕದಲ್ಲಿ ಏನೇನು ತೂಗಲಾಗುವುದಿಲ್ಲ ಎಂಬುದು ಕಂಡಿತು.

ಭಾರತದ ಕ್ರೈಸ್ತರ ಇತಿಹಾಸದಲ್ಲಿ ಈ ಚೌಕಾಸಿಗೆ ವಿರುದ್ಧವಾದ ಒಂದು ಘಟ್ಟವಿದೆ, ಅದನ್ನು ಸಮುದಾಯವೇ ಅರ್ಧ ಮರೆತಿದೆ. 1935ರ ಭಾರತ ಸರ್ಕಾರ ಕಾಯ್ದೆ ಭಾರತೀಯ ಕ್ರೈಸ್ತರಿಗೆ ಪ್ರತ್ಯೇಕ ಮತಕ್ಷೇತ್ರ ಕೊಟ್ಟಿತ್ತು, ಅಂದರೆ ಕ್ರೈಸ್ತರು ಕ್ರೈಸ್ತರನ್ನೇ ಆರಿಸುವ ವ್ಯವಸ್ಥೆ. ಸಂವಿಧಾನ ಸಭೆಯಲ್ಲಿ ಅದನ್ನೂ, 1949ರಲ್ಲಿ ಧಾರ್ಮಿಕ ಅಲ್ಪಸಂಖ್ಯಾತರ ಮೀಸಲು ಸ್ಥಾನಗಳನ್ನೂ ಕೈಬಿಡುವಾಗ ಎಚ್.ಸಿ. ಮುಖರ್ಜಿ, ಜೆರೋಮ್ ಡಿಸೋಜ ಮೊದಲಾದ ಕ್ರೈಸ್ತ ಸದಸ್ಯರು ಒಪ್ಪಿದರು. ಮುಖರ್ಜಿ ಆ ಸಭೆಯ ಉಪಾಧ್ಯಕ್ಷರು, ಡಿಸೋಜ ಯೇಸುಸಭೆಯ ಪಾದ್ರಿ. ಪಕ್ಕದ ಮನೆಯವನ ಬಾಗಿಲು ತಟ್ಟದೆ ಯಾವ ಕ್ರೈಸ್ತನೂ ಗೆಲ್ಲಬಾರದು ಎಂಬುದು ಆ ನಿರ್ಧಾರದ ತಾತ್ಪರ್ಯ. ಕರಾವಳಿಯಲ್ಲಿ ಅದು ಫಲಿಸಿತು. ಜೋಕಿಂ ಆಳ್ವ 1952ರಿಂದ ಮೂರು ಬಾರಿ ಕೆನರಾದಿಂದ ಲೋಕಸಭೆಗೆ ಹೋದರು. ಆಸ್ಕರ್ ಫರ್ನಾಂಡಿಸ್ 1980ರಿಂದ 1996ರವರೆಗೆ ಐದು ಬಾರಿ ಉಡುಪಿಯಿಂದ ಗೆದ್ದರು. ಕರ್ನಾಟಕದ ಜನಸಂಖ್ಯೆಯಲ್ಲಿ ಕ್ರೈಸ್ತರು ಶೇ 1.87 ಮಾತ್ರ, ದಕ್ಷಿಣ ಕನ್ನಡದಲ್ಲಿ ಶೇ 8ರ ಆಸುಪಾಸು. ಆಸ್ಕರ್ ಅವರನ್ನು ಗೆಲ್ಲಿಸಿದವರು ಬಿಲ್ಲವರು, ಮೊಗವೀರರು, ಬಂಟರು, ಮುಸ್ಲಿಮರು.

ಆದರೆ 1949ರ ಆ ಔದಾರ್ಯಕ್ಕೆ ಬೆಲೆ ತೆತ್ತವರು ಬೇರೆಯೇ ಜನ. ಮರುವರ್ಷ ಬಂದ ರಾಷ್ಟ್ರಪತಿ ಆದೇಶದ ಮೂರನೆಯ ಪರಿಚ್ಛೇದ, ಹಿಂದೂ ಧರ್ಮ ಬಿಟ್ಟು ಬೇರೆ ಧರ್ಮ ಅನುಸರಿಸುವವರನ್ನು ಪರಿಶಿಷ್ಟ ಜಾತಿಯವರೆಂದು ಪರಿಗಣಿಸಲಾಗದು ಎಂದಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿಕೊಳ್ಳಲಾಯಿತು. ಕ್ರೈಸ್ತರಾದ ದಲಿತರು, ಮುಸ್ಲಿಮರಾದ ದಲಿತರು ಹೊರಗೇ ಉಳಿದರು. ಧರ್ಮದ ಷರತ್ತು ತೆಗೆಯಬೇಕೆಂದು ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಶಿಫಾರಸು ಮಾಡಿತು. 2022ರ ಅಕ್ಟೋಬರ್‌ನಲ್ಲಿ ಅದೇ ಪ್ರಶ್ನೆಗೆ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ನೇತೃತ್ವದಲ್ಲಿ ಹೊಸ ಆಯೋಗ ಬಂತು. ಕ್ರೈಸ್ತ ಧರ್ಮದಲ್ಲಿ ಜಾತಿ ಇಲ್ಲ ಎಂಬುದು ಇದನ್ನು ವಿರೋಧಿಸುವವರ ವಾದ. ಚರ್ಚಿನ ವೇದಿಕೆಯಿಂದಲೂ ಅದೇ ಮಾತು ಕೇಳುತ್ತದೆ, ಆದರೆ ತಿರುಚ್ಚಿಯ ಸ್ಮಶಾನದಲ್ಲಿ ಸತ್ತ ಕ್ರೈಸ್ತರ ನಡುವೆಯೂ ಜಾತಿಯ ಗೋಡೆ ನಿಂತಿದ್ದದ್ದು ಸುದ್ದಿಯಾಗಿದೆ. 2025ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮುನ್ನ ಜಾತಿ ಪಟ್ಟಿಯಲ್ಲಿ ಹಲವು ಜಾತಿಗಳ ಹೆಸರಿನ ಜೊತೆ ‘ಕ್ರಿಶ್ಚಿಯನ್’ ಸೇರಿದ್ದು ಕೋಲಾಹಲವಾಯಿತು. ಹಿಂದುಳಿದ ವರ್ಗಗಳ ಆಯೋಗ ಅಂಥ ಹೆಸರುಗಳನ್ನು ಮರೆಮಾಡಿತು. ಹೆಸರು ಮರೆಯಾದರೆ ಆ ಜನ ಮರೆಯಾಗುತ್ತಾರೆಯೇ?

ಪರಿಶಿಷ್ಟ ಪಂಗಡಕ್ಕೆ ಈ ಧರ್ಮದ ಷರತ್ತು ಇಲ್ಲ. ಆದ್ದರಿಂದ ಮಿಜೋರಾಂನ 40 ಕ್ಷೇತ್ರಗಳಲ್ಲಿ 39 ಮೀಸಲು ಕ್ಷೇತ್ರಗಳಾಗಿದ್ದರೂ ಕ್ರೈಸ್ತರು ನಿಲ್ಲುತ್ತಾರೆ, ಗೆಲ್ಲುತ್ತಾರೆ. ಕರ್ನಾಟಕದ 36 ಪರಿಶಿಷ್ಟ ಜಾತಿ ಮೀಸಲು ಕ್ಷೇತ್ರಗಳಲ್ಲಿ ಕ್ರೈಸ್ತನೆಂದು ಹೇಳಿಕೊಂಡವನ ನಾಮಪತ್ರ ನಿಲ್ಲುವುದಿಲ್ಲ. ಕೇರಳದ ದೇವಿಕುಳಂ ಮೀಸಲು ಕ್ಷೇತ್ರದಿಂದ ಗೆದ್ದಿದ್ದ ಎ. ರಾಜಾ ಅವರ ಆಯ್ಕೆಯನ್ನು ಹೈಕೋರ್ಟ್ 2023ರ ಮಾರ್ಚ್‌ನಲ್ಲಿ ರದ್ದುಮಾಡಿತು, ಅವರು ಕ್ರೈಸ್ತರೆಂಬ ಕಾರಣಕ್ಕೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. ಆ ಮೊಕದ್ದಮೆಯಲ್ಲಿ ಸಾಕ್ಷಿ ಹೇಳಲು ಬಂದದ್ದು ಚರ್ಚಿನ ದಾಖಲೆ ಪುಸ್ತಕಗಳು: ಯಾರಿಗೆ ದೀಕ್ಷಾಸ್ನಾನವಾಯಿತು, ಯಾರನ್ನು ಎಲ್ಲಿ ಹೂಳಲಾಯಿತು. ವಿಶ್ವಾಸದ ದಾಖಲೆ ಅಭ್ಯರ್ಥಿತನದ ವಿರುದ್ಧ ಪುರಾವೆಯಾಯಿತು.

ನಮ್ಮ ಕೋಲಾರ ಚಿನ್ನದ ಗಣಿ ಕ್ಷೇತ್ರವೂ ಪರಿಶಿಷ್ಟ ಜಾತಿಗೆ ಮೀಸಲು. ಗಣಿಗಾಗಿ ತಮಿಳು ನಾಡಿನಿಂದ ಬಂದ ದಲಿತ ಕಾರ್ಮಿಕರ ಪೀಳಿಗೆಗಳು ಅಲ್ಲಿವೆ, ಅವರಲ್ಲಿ ಬಹಳಷ್ಟು ಜನ ಕ್ರೈಸ್ತರು, ಗಣಿಯ ಸುತ್ತ ಅವರ ಚರ್ಚುಗಳು. ಮತದಾನ ಪವಿತ್ರ ಕರ್ತವ್ಯ ಎಂದು ಆ ಚರ್ಚುಗಳಲ್ಲೂ ಚುನಾವಣೆಗೆ ಮುನ್ನ ಹೇಳಲಾಗುತ್ತದೆ, ಜನ ಹೋಗಿ ಹಾಕಿಯೂ ಬರುತ್ತಾರೆ. ಯೋತಾಮನ ಕಥೆಯ ಎಣ್ಣೆಮರ ಕೇಳಿದಾಗ ಒಲ್ಲೆ ಎಂದಿತ್ತು. ಇಲ್ಲಿ ನಾಮಪತ್ರ ಸಲ್ಲಿಸುವ ಮೇಜಿನ ಮುಂದೆ ಕೇಳುವುದು ಜಾತಿ ಪ್ರಮಾಣಪತ್ರವನ್ನು, ಅದನ್ನು ಪಡೆಯಲು ದೀಕ್ಷಾಸ್ನಾನದ ಪುಸ್ತಕದಲ್ಲಿ ಹೆಸರಿರಬಾರದು.